ಒಲೆಯ ಕೆಳಗಿನ ಸುರುಳಿ, ಪಾತ್ರೆಯ ತಳದ ಮಣ್ಣು

ನಮ್ಮವ್ವ ನನ್ನನ್ನು ಒಲೆಯ ಹತ್ತಿರ ಬಿಟ್ಟುಕೊಂಡವಳಲ್ಲ. ಗಡಿಯಾಚೆಯ ತೆಲುಗು ಸೀಮೆಯಲ್ಲಿ, ಕಲ್ಯಾಣದುರ್ಗದಿಂದ ಕಂಬದೂರಿಗೆ ಹೋಗುವ ದಾರಿಯಲ್ಲಿ ನಮ್ಮೂರು. ಓರಗೆಯ ಹುಡುಗಿಯರೆಲ್ಲ ಮುದ್ದೆ ತಿರುವುವುದು ಕಲಿಯುವ ವಯಸ್ಸಿನಲ್ಲಿ ನಾನು ಅಡುಗೆಮನೆಯ ಹೊಸ್ತಿಲು ದಾಟಿದರೆ ಸಾಕು, ಊದುಗೊಳವೆ ಎತ್ತಿ ಗದರುತ್ತಿದ್ದಳು.

"ಒಲೆ ಮುಂದೆ ಒಂದು ದಪ ಕುಂತ್ಯಾ, ಜೀವ ಇರೋಗಂಟ ಒಲೆ ಮುಂದೇನೇ ಕುಂತಿರ್ತೀಯ. ಓಗು, ಓದ್ಕ ಓಗು."

ಓದಿದೆ. ನಮ್ಮ ಮನೆಯಲ್ಲಿ ಮಾತ್ರವಲ್ಲ, ನಮ್ಮ ಬೀದಿಗೇ ಡಿಗ್ರಿ ತಂದ ಮೊದಲನೆಯವಳು ನಾನು. ಅದೂ ಎಂಜಿನಿಯರಿಂಗ್ ಡಿಗ್ರಿ. ಇದನ್ನು ಹೇಳಿಕೊಳ್ಳುವುದಕ್ಕೆ ನನಗೆ ಈಗಲೂ ಸಂಕೋಚವಿಲ್ಲ. ಕಷ್ಟಪಟ್ಟು ಸಂಪಾದಿಸಿದ್ದನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಳ್ಳುವುದು ಏಕೆ? ಆದರೆ ಆ ಡಿಗ್ರಿ ಹಿಡಿದುಕೊಂಡು ಹಿಂದೂಪುರಕ್ಕೆ ಬಂದವಳು ಜೀವಮಾನದ ಬಹುಪಾಲು ಮಾಡಿದ ಕೆಲಸ ಯಾವುದು ಅಂದರೆ, ಒಲೆಯ ಕೆಲಸವೇ. ಇಂಡಕ್ಷನ್ ಒಲೆ. ಇನ್ನೂ ಸರಿಯಾಗಿ ಹೇಳಬೇಕಾದರೆ, ಆ ಒಲೆಯ ಗಾಜಿನ ಕೆಳಗೆ ಯಾರ ಕಣ್ಣಿಗೂ ಬೀಳದೆ ಕೂತಿರುವ ತಾಮ್ರದ ಸುರುಳಿ.

ಕಳೆದ ವರ್ಷ ನಿವೃತ್ತಳಾದೆ. ಕಾರ್ಖಾನೆಗೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ಆಗಾಗ ಮನೆಗೆ ಬಂದು, "ಮೇಡಂ, ಈ ಲೈನಿನಲ್ಲಿ ಮುಂದೆ ಬರೋದು ಹೇಗೆ?" ಎಂದು ಕೇಳುತ್ತಾರೆ. ನನಗೆ ಯಾವಾಗ ಯಾವ ಹುದ್ದೆ ಸಿಕ್ಕಿತು, ಕುರ್ಚಿ ಯಾವಾಗ ದೊಡ್ಡದಾಯಿತು ಎಂಬ ಕಥೆಯಿಂದ ಯಾರಿಗೂ ಮೂರು ಕಾಸಿನ ಪ್ರಯೋಜನವಿಲ್ಲ. ಕೆಲಸ ನಿಜವಾಗಿ ಹೇಗಿತ್ತು ಎಂಬುದನ್ನು ಹೇಳುತ್ತೇನೆ. ಬೇಕಾದ್ದನ್ನು ಅದರಲ್ಲಿ ನೀವೇ ಹೆಕ್ಕಿಕೊಳ್ಳಿ.

ನಾನು ಸೇರಿದಾಗ ನಮ್ಮದು ಬೋರ್‌ವೆಲ್ ಮೋಟಾರುಗಳ ಸ್ಟಾರ್ಟರಿಗೆ ಬೇಕಾದ ಸಣ್ಣ ಟ್ರಾನ್ಸ್‌ಫಾರ್ಮರ್ ಸುತ್ತುವ ಕಾರ್ಖಾನೆ. ತಗಡಿನ ಸೂರು. ತಂತಿ ಸುತ್ತುವ ಮೇಜುಗಳ ಮುಂದೆ ಹೆಂಗಸರು, ಅಧಿಕಾರಿಗಳ ಮೇಜುಗಳ ಹಿಂದೆ ಗಂಡಸರು. ನಾನು ಎಲ್ಲಿ ಕೂರಬೇಕು ಎಂಬುದೇ ಮೊದಲ ವಾರದ ಸಮಸ್ಯೆಯಾಯಿತು. ಚೀಫ್ ವೆಂಕಟರಾಯುಡು ಸಾರ್ ಮೀಸೆ ತಿರುವುತ್ತ ನೋಡಿದರು. ಅವರ ತಾಯಿನುಡಿ ತೆಲುಗು. ನಮ್ಮ ಜೊತೆ ಅರ್ಧ ಕನ್ನಡ, ಸಿಟ್ಟು ಬಂದರೆ ಪೂರಾ ತೆಲುಗು.

"ಮೇಡಂ ಎಲ್ಲಿ ಬೇಕಾದ್ರೂ ಕೂತ್ಕೊಳ್ಳಲಿ," ಎಂದರು. "ಆದರೆ ಕೂತ್ಕೊಂಡೇ ಇರೋ ಕೆಲಸ ಇಲ್ಲಿ ಇಲ್ಲ."

ನನಗೆ ಸಿಕ್ಕ ಮೇಲಧಿಕಾರಿಗಳಲ್ಲಿ ಅವರೇ ಉತ್ತಮ ಎಂದು ಈಗಲೂ ಅನ್ನುತ್ತೇನೆ. ಬೈಯುವುದನ್ನು ಎಲ್ಲರೆದುರಿಗೆ ಬೈಯುತ್ತಿದ್ದರು, ಹೊಗಳುವುದನ್ನೂ ಎಲ್ಲರೆದುರಿಗೇ ಹೊಗಳುತ್ತಿದ್ದರು. ಎರಡನೆಯದು ಅಪರೂಪ.

ಒಂದು ದಿನ ಸಾರ್ ಒಂದು ಇಂಡಕ್ಷನ್ ಒಲೆ ಹೊತ್ತು ತಂದು ನನ್ನ ಮೇಜಿನ ಮೇಲಿಟ್ಟರು. ಆಗ ನಮ್ಮ ಕಡೆ ಅದು ಹೊಸದು. "ಪೊಯ್ಯಿ ವೇಡೆಕ್ಕದು ಮೇಡಂ, ಗಿನ್ನೆ ವೇಡೆಕ್ಕುತುಂದಿ" ಎಂದರು. ಒಲೆ ಬಿಸಿಯಾಗುವುದಿಲ್ಲ, ಪಾತ್ರೆ ಬಿಸಿಯಾಗುತ್ತದೆ ಎಂದು. ಗಾಜು ತೆಗೆದು ನೋಡಿದರೆ ಒಳಗೆ ದೋಸೆಯ ಅಗಲದ ತಾಮ್ರದ ಸುರುಳಿ, ಮಲಗಿಸಿಟ್ಟ ಚಕ್ಕುಲಿಯ ಹಾಗೆ. ಅದರಲ್ಲಿ ಕರೆಂಟು ಬಹಳ ವೇಗವಾಗಿ ಅತ್ತಿತ್ತ ಹರಿದಾಡುತ್ತದೆ. ಅದರ ಸೆಳೆತಕ್ಕೆ ಮೇಲಿಟ್ಟ ಪಾತ್ರೆಯ ತಳದಲ್ಲೂ ಕರೆಂಟು ಹುಟ್ಟಿ ತಳ ತಾನಾಗಿ ಕಾಯುತ್ತದೆ. ಪಾತ್ರೆಯಲ್ಲಿ ಕಬ್ಬಿಣದ ಅಂಶ ಇರಬೇಕು. ಅಯಸ್ಕಾಂತ ಅಂಟದ ಪಾತ್ರೆಗೆ ಈ ಒಲೆ ಮಣೆ ಹಾಕುವುದಿಲ್ಲ.

ಇದು ಗೊತ್ತಾದ ಮೇಲೆ ನಾನು ಹೋದಲ್ಲೆಲ್ಲ ಚೀಲದಲ್ಲಿ ಒಂದು ಅಯಸ್ಕಾಂತ ಇಟ್ಟುಕೊಂಡು ಹೋಗತೊಡಗಿದೆ. ನೆಂಟರ ಮನೆಗೆ ಹೋದರೂ ಪಾತ್ರೆ ಬೋರಲು ಹಾಕಿ ಅಂಟಿಸಿ ನೋಡುವುದು. ಕಲ್ಯಾಣದುರ್ಗದ ನಮ್ಮ ಚಿಕ್ಕಮ್ಮ ನಾನು ಬಾಗಿಲಲ್ಲಿ ಕಂಡ ಕೂಡಲೇ ಒಳಗೆ ಕೂಗುತ್ತಿದ್ದಳು: "ಎಂಜಿನಿಯರಮ್ಮ ಬಂದ್ಬುಟ್ಲು ಕಣ್ರೇ, ಪಾತ್ರೆ ಒಳಕ್ಕಾಕ್ರಿ!"

ಬೆಂಗಳೂರಿನ ಒಂದು ಒಲೆ ಕಂಪನಿ ಹೊರದೇಶದಿಂದ ತರಿಸುತ್ತಿದ್ದ ಸುರುಳಿಯನ್ನು ಹತ್ತಿರದಲ್ಲೇ ಮಾಡಿಸಲು ಹೊರಟಿತ್ತು. ನಮ್ಮ ಮಾಲೀಕರು ಮಾದರಿ ಕೊಡುತ್ತೇವೆಂದು ಒಪ್ಪಿಕೊಂಡರು. ಆ ಹೊತ್ತಿಗೆ ಟ್ರಾನ್ಸ್‌ಫಾರ್ಮರಿನ ಆರ್ಡರುಗಳು ಬತ್ತುತ್ತಿದ್ದವು. ಸುರುಳಿ ಒಪ್ಪಿಗೆಯಾದರೆ ಸುತ್ತುವ ವಿಭಾಗ ಉಳಿಯುತ್ತದೆ, ಇಲ್ಲದಿದ್ದರೆ ಮುಚ್ಚುತ್ತದೆ. ಇದನ್ನು ಮಾಲೀಕರು ಮುಚ್ಚುಮರೆಯಿಲ್ಲದೆ ಎಲ್ಲರಿಗೂ ಹೇಳಿದ್ದರು.

ಸುತ್ತುವ ಮೇಜಿನ ಹಿರಿಯಳು ನಾಗವೇಣಿ. ಲೇಪಾಕ್ಷಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ಸುದ್ದಿ ಕೇಳಿ ಅವಳು ಹೇಳಿದ್ದು ಇಷ್ಟು: "ಅಕ್ಕ, ನಂಗೆ ಈ ಕೈಕೆಲ್ಸ ಬಿಟ್ರೆ ಕಳೆ ಕೀಳೋದು ಗೊತ್ತು. ಕಳೆ ಕೀಳಾಕೆ ಓಯ್ತೀನಿ, ಅದೇನೂ ಅವಮಾನ ಅಲ್ಲ. ಆದ್ರೆ ಇದು ಕಲ್ತ್ಕಂಡು ಅದಕ್ಕೆ ಓಗಾಕೆ ಮನ್ಸು ಬರಲ್ಲ."

ಆ ಮಾತು ನನಗೆ ನಾಟಿತು. ನಾನೂ ಕಲಿತುಕೊಂಡು ಬಂದವಳೇ ಅಲ್ಲವೇ. ಸುರುಳಿಯ ವಿನ್ಯಾಸ ನನ್ನ ಮೇಜಿನದು. ಅದು ಕೆಟ್ಟರೆ ಅವಳ ಮೇಜು ಹೋಗುತ್ತದೆ.

ಮೊದಲ ಮಾದರಿ ಹೊರಗಿನ ಸುರುಳಿಯ ಪಡಿಯಚ್ಚು. ಕೂದಲೆಳೆಯಂಥ ತಾಮ್ರದ ತಂತಿಗಳನ್ನು ಸೇರಿಸಿ ಹೊಸೆದ ಹುರಿಯನ್ನು ಅಚ್ಚಿನ ಮೇಲೆ ಸುತ್ತಿ ಕಳಿಸಿದೆವು. ನಾನು ನೀರು ಕಾಯಿಸಿ ನೋಡಿ, ಚೆನ್ನಾಗಿ ಕುದಿಯುತ್ತದೆ ಎಂದು ಸಹಿ ಹಾಕಿದ್ದೆ. ಅದು ವಾಪಸು ಬಂತು. ಜೊತೆಯಲ್ಲಿ ಅವರು ಹಾಲು ಕಾಯಿಸಿದ ಸ್ಟೀಲ್ ಪಾತ್ರೆಯೂ ಬಂತು. ಅದರ ತಳದಲ್ಲಿ ಹಾಲು ಸೀದು ಕಪ್ಪನೆ ಬಳೆಯೊಂದು ಕೂತಿತ್ತು. ಬಳೆಯ ಒಳಗೆ ಬಿಳುಪು, ಹೊರಗೂ ಬಿಳುಪು. ಹೊರಗಿನ ಸುರುಳಿಯದೂ ಇದೇ ದೂರು, ನಮಗೆ ಅದರ ನಕಲು ಬೇಡ ಎಂದು ಬರೆದಿದ್ದರು.

ನೀರು ಸುಳ್ಳು ಹೇಳುತ್ತದೆ. ಇದನ್ನು ಬರೆದಿಟ್ಟುಕೊಳ್ಳಿ. ನೀರು ಒಂದು ಕಡೆ ಕಾದರೂ ಎದ್ದು ಓಡಾಡಿ ಎಲ್ಲ ಕಡೆ ಹಂಚಿಬಿಡುತ್ತದೆ, ಒಲೆಯ ತಪ್ಪನ್ನು ಮುಚ್ಚಿಹಾಕುತ್ತದೆ. ಹಾಲು, ಪಾಯಸ, ಮುದ್ದೆ, ಗಟ್ಟಿ ಬೇಳೆ ಅಂಥವಲ್ಲ. ಕಾದಲ್ಲೇ ಹಿಡಿಯುತ್ತವೆ. ಸುರುಳಿಯ ಸ್ವಭಾವ ಏನೆಂದರೆ, ಅದರ ಒಳಸುತ್ತಿಗೂ ಹೊರಸುತ್ತಿಗೂ ನಡುವಿನ ಪಟ್ಟಿಯಲ್ಲಿ ಸೆಳೆತ ಹೆಚ್ಚು. ನಟ್ಟನಡುವೆಯೂ ಅಂಚಿನಲ್ಲೂ ಕಡಿಮೆ. ಪುಸ್ತಕದಲ್ಲಿ ಇದನ್ನು ಓದಿದ್ದೆ. ಸೀದ ಪಾತ್ರೆ ಕೈಗೆ ಬಂದ ಮೇಲೆ ಅರ್ಥವಾಯಿತು. ಅಂದಿನಿಂದ ನಮ್ಮಲ್ಲಿ ಅದಕ್ಕೆ 'ಬಳೆ' ಎಂದೇ ಹೆಸರು.

ಬಳೆ ಬೀಳುವ ಜಾಗದಲ್ಲಿ ಸುತ್ತುಗಳನ್ನು ಸಡಿಲ ಮಾಡಬೇಕು, ಒಳಗಿನವನ್ನು ಬಿಗಿಯಾಗಿಯೇ ಇಡಬೇಕು ಎಂದು ನಾನೂ ಸಾರೂ ತೀರ್ಮಾನಿಸಿದೆವು. ಅಷ್ಟರಲ್ಲಿ ನಾನು ಒಂದು ಮದುವೆಗೆಂದು ಊರಿಗೆ ಹೋಗಬೇಕಾಯಿತು. ಸಾರ್ ಅಚ್ಚಿಗೆ ಒಂದು ಚೀಟಿ ಕಟ್ಟಿ ನಾಗವೇಣಿಗೆ ಕೊಟ್ಟರು. 'ಲೂಸ್. ಮಧ್ಯ ಕಾದು.' ತೆಲುಗಿನಲ್ಲಿ ಬರೆದದ್ದು. ಸಡಿಲ ಮಾಡು, ಆದರೆ ಮಧ್ಯದಲ್ಲಿ ಅಲ್ಲ ಎಂದು ಅವರ ಅರ್ಥ.

ನಾಗವೇಣಿ ಓದಿದ್ದು ಗೌರಿಬಿದನೂರಿನ ಕಡೆ, ಅಜ್ಜಿ ಮನೆಯಲ್ಲಿದ್ದುಕೊಂಡು, ಕನ್ನಡ ಶಾಲೆಯಲ್ಲಿ. ಎರಡೂ ಲಿಪಿಗಳು ಅಕ್ಕತಂಗಿಯರಿದ್ದಂತೆ. ಅವಳು ಚೀಟಿಯನ್ನು ಕನ್ನಡವೆಂದೇ ಓದಿದಳು. ಮಧ್ಯ ಕಾದು ಹೋಗಿದೆ, ಅದಕ್ಕೆ ಅಲ್ಲಿ ಸಡಿಲ ಮಾಡಬೇಕು ಎಂದು ಅವಳ ಅರ್ಥ. ಒಳಗಿನ ಸುತ್ತುಗಳನ್ನೇ ಅಂದವಾಗಿ ಬಿಡಿಬಿಡಿಯಾಗಿ ಸುತ್ತಿದಳು. ಮಾದರಿ ಅದೇ ದಿನ ಬೆಂಗಳೂರಿನ ಬಸ್ಸು ಹತ್ತಿತು.

ಅದು ವಾಪಸು ಬಂದಾಗ ನಾನೂ ಇದ್ದೆ. ಜೊತೆಗೆ ಬಂದ ಪಾತ್ರೆಯಲ್ಲಿ ಬಳೆ ಮೊದಲಿಗಿಂತ ಕಪ್ಪಾಗಿತ್ತು, ನಡುವೆ ಬರೀ ಬಿಳುಪು.

"ಮಧ್ಯ ಕಾದು ಅನಿ ರಾಸಾನು ಕದಾ!" ಸಾರ್ ಚೀಟಿ ಎತ್ತಿ ಹಿಡಿದರು, ಬರೆದಿದ್ದೆನಲ್ಲ ಎಂದು.

"ಊಂ ಸಾರ್, ಮಧ್ಯ ಕಾದು ಅಂತ್ಲೇ ಬರ್ದಿದ್ರಿ. ಕಾದೈತೆ ಅಂತ ಸಡ್ಲ ಮಾಡ್ದೆ."

"ಕಾದಮ್ಮಾ, ಕಾದು!"

"ನಾನೂ ಅದೇ ಸಾರ್ ಯೋಳ್ತಿರೋದು, ಕಾದು!"

ಇಬ್ಬರೂ ಒಂದೇ ಪದವನ್ನು ಒಬ್ಬರ ಮೇಲೊಬ್ಬರು ಕೂಗುತ್ತಿದ್ದರು. ಮೊದಲು ಅರ್ಥವಾದದ್ದು ಸುತ್ತುವ ಮೇಜಿನ ಹೆಂಗಸರಿಗೆ. ಒಬ್ಬಳು ಸೆರಗು ಬಾಯಿಗಿಟ್ಟುಕೊಂಡಳು, ಆಮೇಲೆ ಎಲ್ಲರೂ. ಕೊನೆಗೆ ಸಾರ್ ಕೂಡ ತಲೆ ಚಚ್ಚಿಕೊಂಡು ನಕ್ಕುಬಿಟ್ಟರು. ನಮ್ಮ ಸೀಮೆಯಲ್ಲಿ ಎರಡು ಭಾಷೆ ಗೊತ್ತಿಲ್ಲದವರು ಯಾರಿದ್ದಾರೆ? ಎರಡೂ ಗೊತ್ತಿದ್ದರಿಂದಲೇ ಯಾವುದರಲ್ಲಿ ಬರೆದಿದೆ ಎಂದು ಯಾರೂ ಕೇಳಲಿಲ್ಲ. ಅಂದಿನಿಂದ ಅಚ್ಚಿಗೆ ಮಾತು ಕಟ್ಟುವುದನ್ನು ನಿಲ್ಲಿಸಿ ಚಿತ್ರ ಕಟ್ಟತೊಡಗಿದೆವು.

ನಗು ಬಹಳ ಹೊತ್ತು ಉಳಿಯಲಿಲ್ಲ. ಇನ್ನೊಂದೇ ಮಾದರಿ ನೋಡುತ್ತೇವೆ, ಅದೇ ಕೊನೆ ಎಂದು ಬೆಂಗಳೂರಿನವರು ತಿಳಿಸಿದರು.

ತೊಂದರೆ ಏನೆಂದರೆ, ನಮಗೆ ಕಣ್ಣಿರಲಿಲ್ಲ. ಬಿಸಿಯ ಚಿತ್ರ ತೆಗೆಯುವ ಕ್ಯಾಮೆರಾ ನಮ್ಮ ಮಾಲೀಕರ ಕೈಗೆಟುಕುವಂಥದ್ದಲ್ಲ. ಒಂದೊಂದು ಬದಲಾವಣೆಗೂ ಹಾಲು ಸೀಯಿಸಿ, ಪಾತ್ರೆ ಉಜ್ಜಿ, ಮತ್ತೆ ಸೀಯಿಸಿ ನೋಡಬೇಕಿತ್ತು. ಸೀದ ಹಾಲು ಎಲ್ಲಿ ಹೆಚ್ಚು ಕಾಯಿತು ಎನ್ನುವುದನ್ನು ಹೇಳುತ್ತದೆ. ಎಲ್ಲಿ ಮೊದಲು, ಎಲ್ಲಿ ಆಮೇಲೆ, ಎಲ್ಲಿ ಸ್ವಲ್ಪ ಎಂದು ಹೇಳುವುದಿಲ್ಲ.

ಆ ದಿನಗಳಲ್ಲಿ ಅವ್ವ ಹಿಂದೂಪುರದ ನನ್ನ ಮನೆಗೆ ಬಂದಿದ್ದಳು. ವಾಪಸು ಬಂದ ಸುರುಳಿಯನ್ನು ಒಂದು ಒಲೆಗೆ ಜೋಡಿಸಿ ಮನೆಗೆ ತಂದಿಟ್ಟಿದ್ದೆ. ಭಾನುವಾರ ಬೆಳಿಗ್ಗೆ ನಾನು ಬಟ್ಟೆ ಒಣಗಿಸಿ ಒಳಗೆ ಬಂದರೆ, ಅವ್ವ ಅದರ ಮೇಲೆ ಸ್ಟೀಲ್ ಪಾತ್ರೆ ಇಟ್ಟು ಮುದ್ದೆಗೆ ಎಸರಿಟ್ಟಿದ್ದಾಳೆ. ಪಾತ್ರೆಯ ಅಡಿಯಿಂದ ಕೆಸರು ಗಾಜಿನ ಮೇಲೆ ಇಳಿದಿದೆ.

"ಅವ್ವಾ, ಇದೇನೇ ಇದು?"

"ಮಣ್ಣು ಮೆತ್ತಿವ್ನಿ. ಇಲ್ದಿದ್ರೆ ತಳ ಮಸಿ ಇಡ್ಯಲ್ವಾ? ಆಮ್ಯಾಕೆ ತಿಕ್ಕೋರು ಯಾರು, ನಿನ್ನ ಡಿಗ್ರಿ ತಿಕ್ಕೈತಾ?"

ಸೌದೆ ಒಲೆಯ ಕಾಲದ ಅಭ್ಯಾಸ. ನಮ್ಮ ಕಡೆಯ ಹೆಂಗಸರು ಪಾತ್ರೆಯ ಹೊರತಳಕ್ಕೆ ತೆಳ್ಳಗೆ ಜೇಡಿಮಣ್ಣು ಬಳಿದು ಒಲೆಗಿಡುತ್ತಾರೆ. ಮಸಿ ಮಣ್ಣಿಗೆ ಹಿಡಿಯುತ್ತದೆ, ತೊಳೆದರೆ ಮಣ್ಣಿನ ಜೊತೆ ಹೋಗುತ್ತದೆ. ಹೂಕುಂಡದ ಮಣ್ಣು ಕಲಸಿ ಅವ್ವ ಅದನ್ನೇ ಮಾಡಿದ್ದಳು.

"ಇದ್ರಲ್ಲಿ ಬೆಂಕಿನೇ ಇಲ್ಲ, ಮಸಿ ಎಲ್ಲಿಂದ ಬತ್ತದೆ?"

"ಬೆಂಕಿ ಇಲ್ದೆ ಎಸ್ರು ಕಾಯ್ತದಾ? ಓದ್ದೋರು ಏನ್ ಬೇಕಾದ್ರೂ ಯೋಳ್ತೀರ ಕಣಮ್ಮ."

ಸಿಟ್ಟಿನಲ್ಲಿ ಒಲೆ ಆರಿಸಿ, ಪಾತ್ರೆ ಎತ್ತಿ ಪಕ್ಕಕ್ಕೆ ಹಿಡಿದೆ. ತಳ ಕಣ್ಣಿಗೆ ಬಿತ್ತು. ಬಳೆಯ ಜಾಗದಲ್ಲಿ ಮಣ್ಣು ಒಣಗಿ ಬೆಳ್ಳಗಾಗಿತ್ತು. ನಟ್ಟನಡುವೆ ಕಪ್ಪು ಹಸಿ. ಅಂಚಿನಲ್ಲೂ ಹಸಿ. ಬಿಳುಪಿನಿಂದ ಕಪ್ಪಿಗೆ ಇಳಿಯುವ ಕಡೆ ಬೂದುಬಣ್ಣದ ಮೆಟ್ಟಿಲು ಮೆಟ್ಟಿಲು. ಎಲ್ಲಿ ಮೊದಲು ಕಾಯಿತು, ಎಲ್ಲಿ ಆಮೇಲೆ, ಎಲ್ಲಿ ಕಾಯಲೇ ಇಲ್ಲ, ಎಲ್ಲವೂ ಎದುರಿಗಿತ್ತು. ಒದ್ದೆ ಮಣ್ಣು ಕಾದಷ್ಟು ಬೇಗ ಬಣ್ಣ ಬಿಡುತ್ತದೆ. ಇದು ನನಗೆ ಹುಟ್ಟಿದಾಗಿನಿಂದ ಗೊತ್ತಿತ್ತು, ನಮ್ಮ ಮನೆ ಅಂಗಳ ಸಾರಿಸಿದಾಗೆಲ್ಲ ನೋಡಿದ್ದೆ. ಓದಿದ್ದನ್ನೂ ನೋಡಿದ್ದನ್ನೂ ಒಟ್ಟಿಗೆ ಇಟ್ಟು ನೋಡುವ ಸಂದರ್ಭ ಅಲ್ಲಿಯವರೆಗೆ ಬಂದಿರಲಿಲ್ಲ.

"ಅವ್ವ, ಇನ್ನಷ್ಟು ಮಣ್ಣು ಕಲ್ಸು."

ಅವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಈಗ ತಾನೆ ಬೈದೆ!"

ಸೋಮವಾರ ಕೆರೆಯ ಜೇಡಿಮಣ್ಣನ್ನು ಸೋಸಿ, ಒಂದು ಡಬ್ಬದಲ್ಲಿ ತುಂಬಿಕೊಂಡು ಕಾರ್ಖಾನೆಗೆ ಹೋದೆ. ಸಾರ್ ಮುಚ್ಚಳ ತೆಗೆದು ನೋಡಿದರು. "ಏಂ ಮೇಡಂ, ಕುಂಡಲು ಚೇಸ್ತಾಮಾ?" ಮಡಕೆ ಮಾಡುವ ಯೋಚನೆಯೋ ಎಂದು. ಒಂದು ತೆಳು ಸ್ಟೀಲ್ ತಟ್ಟೆಯ ಅಡಿಗೆ ಮಣ್ಣು ಬಳಿದು, ಒಲೆಯ ಮೇಲಿಟ್ಟು, ಸ್ವಲ್ಪ ಹೊತ್ತಿಗೇ ಎತ್ತಿ ತೋರಿಸಿದೆ. ಸಾರ್ ಮೀಸೆ ತಿರುವುವುದನ್ನು ನಿಲ್ಲಿಸಿದರು. ಆಮೇಲೆ ಕೂಗಿದರು, ಎಲ್ಲರೆದುರಿಗೆ: "ಎಲ್ಲರೂ ಬನ್ನಿ ಇಲ್ಲಿ! ಮೇಡಂ ಕಣ್ಣು ತಂದಿದ್ದಾರೆ!"

ಮುಂದಿನ ದಿನಗಳು ನನ್ನ ವೃತ್ತಿಯ ಅತ್ಯಂತ ಸಂತೋಷದ ದಿನಗಳು. ನಾನು ಚಿತ್ರ ಬರೆಯುವುದು, ನಾಗವೇಣಿ ಸುತ್ತುವುದು, ಮಣ್ಣು ಬಳಿಯುವುದು, ಎತ್ತಿ ನೋಡುವುದು. ಒಳಸುತ್ತುಗಳನ್ನು ಒತ್ತೊತ್ತಾಗಿ ತಂದೆವು. ಬಳೆಯ ಜಾಗದಲ್ಲಿ ಸುರುಳಿಯನ್ನು ಎರಡು ಗುಂಪು ಮಾಡಿ ನಡುವೆ ಖಾಲಿ ಬಿಟ್ಟೆವು. ಖಾಲಿ ಜಾಸ್ತಿಯಾಯಿತು. ಎತ್ತಿ ನೋಡಿದರೆ ಒಂದು ಬಳೆ ಹೋಗಿ ಎರಡಾಗಿವೆ, ಒಂದರೊಳಗೊಂದು.

"ಅಕ್ಕ, ಜೋಡಿ ಬಳೆ!" ನಾಗವೇಣಿ ತಟ್ಟೆಯನ್ನು ಎಲ್ಲರಿಗೂ ತೋರಿಸಿದಳು. "ಯಾರ್ಗಾರ ಮದ್ವೆ ಇದ್ರೆ ಯೋಳ್ರಮ್ಮ, ಕಂಪ್ನಿ ಕಡೆಯಿಂದ ಉಡುಗ್ರೆ."

ಖಾಲಿಯನ್ನು ಕಿರಿದು ಮಾಡಿದೆವು. ಸುರುಳಿಯ ಅಡಿಯಲ್ಲಿ ಕಪ್ಪನೆಯ ಫೆರೈಟ್ ಪಟ್ಟಿಗಳಿರುತ್ತವೆ, ಕೆಳಕ್ಕೆ ಹೋಗುವ ಸೆಳೆತವನ್ನು ಮೇಲಕ್ಕೆ ತಿರುಗಿಸುವುದಕ್ಕೆ. ಅವನ್ನು ನಡುವಿನ ಕಡೆಗೆ ಸರಿಸಿದೆವು. ಕಪ್ಪು ಚುಕ್ಕೆ ಕುಗ್ಗುತ್ತ ಬಂತು. ಒಂದು ಮಧ್ಯಾಹ್ನ ನಾಗವೇಣಿ ತಟ್ಟೆ ಎತ್ತಿ ಬೆಳಕಿಗೆ ಹಿಡಿದಳು. ಅಂಚು ಒಂದಿಷ್ಟು ಹಿಂದೆ, ಅದು ಬಿಟ್ಟರೆ ತಳವೆಲ್ಲ ಒಂದೇ ಸಮ ಬೆಳ್ಳಗೆ, ಸಾರಿಸಿ ಒಣಗಿದ ಅಂಗಳದ ಹಾಗೆ.

"ಓಯ್ತೀನಿ ಅಂದಿದ್ನಲ್ಲ ಅಕ್ಕ, ಕಳೆ ಕೀಳಾಕೆ," ಎಂದಳು. "ಈ ವರ್ಸ ಓಗಲ್ಲ ಅನ್ಸ್ತೈತೆ."

ಮಾದರಿಯನ್ನು ಈ ಸಲ ಬಸ್ಸಿಗೆ ಹಾಕಲಿಲ್ಲ, ನಾನೇ ಹೊತ್ತುಕೊಂಡು ಹೋದೆ. ಬೆಂಗಳೂರಿನ ಕಂಪನಿಯ ಗೇಟಿನಲ್ಲಿ ಕಾವಲಿನವನು ನನ್ನ ಟಿಫನ್ ಡಬ್ಬ ತೆಗೆಸಿದ.

"ಏನಮ್ಮ ಇದು?"

"ಮಣ್ಣು."

"ಮಣ್ಣು ಅಂದ್ರೆ?"

"ಮಣ್ಣು ಅಂದರೆ ಮಣ್ಣಪ್ಪ. ಹಿಂದೂಪುರದ್ದು."

ಅವನು ಫೋನು ಮಾಡಿ ಕೇಳಿ, ನನ್ನನ್ನು ಒಳಗೆ ಬಿಟ್ಟ. ಪರೀಕ್ಷೆ ಮಾಡುವ ಹಿರಿಯ ಅಧಿಕಾರಿ ಗಂಭೀರ ಮನುಷ್ಯ. ಅವರು ಮೊದಲು ತಮ್ಮ ಪದ್ಧತಿಯಂತೆ ಹಾಲು ಕಾಯಿಸಿದರು. ಬಳೆ ಬೀಳಲಿಲ್ಲ. ಗಟ್ಟಿ ಪಾಯಸ ಮಾಡಿಸಿದರು. ಅಂಚಿನ ಒಂದು ಕಡೆ ಸ್ವಲ್ಪ ಕೆಂಪಾಯಿತು, ಸೀಯಲಿಲ್ಲ. "ಪೂರ್ತಿ ಸಮ ಇಲ್ಲವಲ್ಲ" ಎಂದರು. "ಇಲ್ಲ ಸಾರ್," ಎಂದೆ. "ಪೂರ್ತಿ ಸಮ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಎಷ್ಟು ಸಮ ಅಂತ ನಾನು ತೋರಿಸುತ್ತೇನೆ." ಡಬ್ಬ ತೆಗೆದೆ. ಅವರದೇ ತಟ್ಟೆಗೆ ಮಣ್ಣು ಬಳಿದು, ಮೊದಲು ಹೊರಗಿನ ಸುರುಳಿಯ ಮೇಲೆ, ಆಮೇಲೆ ನಮ್ಮದರ ಮೇಲೆ ಇಟ್ಟು ಎರಡನ್ನೂ ಎತ್ತಿ ಹಿಡಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ತಿಂಗಳಿಗೆ ಎಷ್ಟು ಸುರುಳಿ ಸುತ್ತಿಕೊಡುತ್ತೀರಿ?"

ಸುತ್ತುವ ವಿಭಾಗ ಉಳಿಯಿತು, ಬೆಳೆಯಿತು. ಆಮೇಲೆ ಯಂತ್ರಗಳು ಬಂದವು. ಕೈಯಲ್ಲಿ ಸುತ್ತುತ್ತಿದ್ದ ನಾಗವೇಣಿ ಯಂತ್ರ ನಡೆಸುವುದನ್ನು ಕಲಿತು ಈಗ ಬೇರೆಯವರಿಗೆ ಕಲಿಸುತ್ತಾಳೆ. ಬಿಸಿಯ ಕ್ಯಾಮೆರಾ ಬಂತು, ಕಂಪ್ಯೂಟರಿನಲ್ಲೇ ಸುರುಳಿಯನ್ನು ಕಾಯಿಸಿ ನೋಡುವ ವಿದ್ಯೆ ಬಂತು. ಇವೆಲ್ಲ ಬಂದಿದ್ದು ಒಳ್ಳೆಯದೇ, ನಮ್ಮ ಕಾಲವೇ ಚೆನ್ನಾಗಿತ್ತು ಎಂದು ಮುಲುಕುವವಳಲ್ಲ ನಾನು. ನೀವು ಇದನ್ನೆಲ್ಲ ಕಲಿಯಿರಿ. ಆದರೆ ಕಂಪ್ಯೂಟರಿನ ಬಣ್ಣದ ಚಿತ್ರ ಎಷ್ಟೇ ಚೆನ್ನಾಗಿದ್ದರೂ ಪಾತ್ರೆಯನ್ನು ಒಮ್ಮೆ ಎತ್ತಿ ತಳ ನೋಡದೆ ಸಹಿ ಹಾಕಬೇಡಿ. ಇನ್ನೊಂದು ಮಾತು: ಮಣ್ಣಿನ ಪ್ರಯೋಗ ಪರೀಕ್ಷೆಯ ಮೇಜಿನ ಮೇಲೆ ಮಾತ್ರ. ಗಾಜಿನ ಕೆಳಗೆ ಬಿಸಿ ಅಳೆಯುವ ಒಂದು ಪುಟ್ಟ ಗುಂಡು ಇರುತ್ತದೆ. ನಡುವೆ ಮಣ್ಣಿದ್ದರೆ ಅದು ಮೋಸ ಹೋಗುತ್ತದೆ, ಪಾತ್ರೆ ಹೊತ್ತುವವರೆಗೂ ಸುಮ್ಮನಿರುತ್ತದೆ.

ಬೆಂಗಳೂರಿನಿಂದ ನಾನು ಹಿಂದಿರುಗಿದ ದಿನ ಅವ್ವ ಬಾಗಿಲಲ್ಲೇ ಕೂತಿದ್ದಳು. ಒಪ್ಪಿಕೊಂಡರು ಎಂದೆ. ನಡೆದದ್ದೆಲ್ಲ ಹೇಳಿದೆ. ಅವಳಿಗೆ ಸುರುಳಿಯ ವಿಷಯ ಬೇಕಿರಲಿಲ್ಲ.

"ಅಲ್ಲ ಕಣಮ್ಮ, ಇಲ್ಲಿಂದ ಮಣ್ಣು ಒತ್ಕಂಡು ಓದ್ಯಾ? ಬೆಂಗ್ಳೂರಾಗೆ ಮಣ್ಣೇ ಇಲ್ವಾ?"

"ಇರ್ತೈತೆ. ಎಂಗಿರ್ತೈತೋ ಏನೋ ಅಂತ."

ಒಳಗೆ ಹೋಗಿ ಒಲೆ ತೆಗೆದು ಹಳೆಯ ಸುರುಳಿಯ ಜಾಗಕ್ಕೆ ಹೊಸದನ್ನು ಜೋಡಿಸಿದೆ. ಅವಳು ಪಕ್ಕದಲ್ಲಿ ನಿಂತು, ಗಾಜಿನ ಕೆಳಗೆ ತಾಮ್ರದ ಚಕ್ಕುಲಿ ಕೂರುವುದನ್ನು ಮೊದಲ ಸಲ ನೋಡಿದಳು.

"ನೀನು ಮಾಡಿದ್ದು ಇದೇನಾ?"

"ಇದೇ."

ಅವ್ವ ಬಗ್ಗಿ ಇನ್ನೊಮ್ಮೆ ನೋಡಿದಳು. ಅವಳ ಮುಖದಲ್ಲಿ ನಗು ಮೂಡಲು ಸ್ವಲ್ಪ ಹೊತ್ತು ಹಿಡಿಯಿತು.

"ಒಲೆ ಮುಂದೆ ಕುಂತ್ಕಬ್ಯಾಡ ಅಂತ ಬಡ್ಕಂಡು ಓದಿಸ್ದೆ," ಎಂದಳು. "ನೀನು ಓಗಿ ಒಲೆ ಕೆಳ್ಗೇ ಕುಂತ್ಕಂಡ್ಯಲ್ಲೇ."